ಗುಳ್ಳೆ ಒಂದು ಕಡೆ, ನೀರು ಇನ್ನೊಂದು ಕಡೆ: ಮನೆಯಂಗಳದಲ್ಲಿ ಹಳೆ ಪದ್ಮಿನಿಯ ಬಾಡಿ ದೋಷ ಹುಡುಕುವ ಬಗೆ

ನಮ್ಮ ಪ್ರೀಮಿಯರ್ ಪದ್ಮಿನಿ 1984ರದು. ಅಪ್ಪಯ್ಯ ಮುಂಬೈಯ ಹೋಟೆಲ್ ಕೆಲಸ ಬಿಟ್ಟು ಊರಿಗೆ ಮರಳುವಾಗ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಂದಾಪುರದವರೆಗೆ ತಾವೇ ಓಡಿಸಿಕೊಂಡು ಬಂದ ಕಾರು. ಕಡಲಿನಿಂದ ಎರಡು ಕಿಲೋಮೀಟರ್ ದೂರದ ನಮ್ಮ ಅಂಗಳದಲ್ಲಿ ಅದಕ್ಕೆ ಉಪ್ಪುಗಾಳಿಯೂ ಸಿಕ್ಕಿತು, ನಾಲ್ಕು ತಿಂಗಳ ಮಳೆಯೂ ಸಿಕ್ಕಿತು. ಹನ್ನೆರಡು ವರ್ಷಗಳಲ್ಲಿ ಎರಡು ಸಲ ಗ್ಯಾರೇಜಿಗೆ ಕೊಟ್ಟು ಟಿಂಕರಿಂಗ್, ಪೇಂಟಿಂಗ್ ಎರಡನ್ನೂ ಮಾಡಿಸಿದೆವು. ಎರಡು ಸಲವೂ ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಜಾಗದಲ್ಲಿ ಬಣ್ಣ ಉಬ್ಬಿ ಅದೇ ಗುಳ್ಳೆ. ಮೂರನೇ ಸಲ ಮನೆಯವರೆಲ್ಲ ಸೇರಿ ಅಂಗಳದ ಚಪ್ಪರದಡಿ ಬಿಚ್ಚಿದೆವು. ಹದಿನಾಲ್ಕು ತಿಂಗಳು ಹಿಡಿಯಿತು. ಆಗ ತಿಳಿದದ್ದಿಷ್ಟು: ನಾವು ಎರಡು ಸಲ ದುಡ್ಡು ಸುರಿದದ್ದು ಬಣ್ಣಕ್ಕೆ, ದೋಷ ಇದ್ದದ್ದು ನೀರಿನ ದಾರಿಯಲ್ಲಿ.

ಕೆಲಸಕ್ಕೆ ಕೈ ಹಚ್ಚುವ ಮೊದಲು ಈ ಕಾರಿನ ಮೈಕಟ್ಟು ಗೊತ್ತಿರಬೇಕು. ಇದು ಇಟಲಿಯ ಫಿಯೆಟ್ 1100ರ ವಂಶ. ಮುಂಬೈಯ ಕುರ್ಲಾದ ಕಾರ್ಖಾನೆಯಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ಎಂಬ ಹೆಸರಲ್ಲಿ ತಯಾರಾಗುತ್ತಿದ್ದದ್ದೇ 1974ರಲ್ಲಿ ಪದ್ಮಿನಿಯಾಯಿತು. ಜೀಪಿಗಿರುವಂತೆ ಇದಕ್ಕೆ ಬೇರೆ ಚಾಸಿಸ್ (ಅಡಿಯ ಚೌಕಟ್ಟು) ಇಲ್ಲ. ಫ್ಲೋರ್, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಪಿಲ್ಲರ್, ಛಾವಣಿ ಎಲ್ಲ ತಗಡುಗಳೂ ಒಂದಕ್ಕೊಂದು ಬೆಸೆದು ಆದ ಪೆಟ್ಟಿಗೆಯೇ ಬೆನ್ನೆಲುಬು. ಹಾಗಾಗಿ ರನ್ನಿಂಗ್ ಬೋರ್ಡಿನ ತುಕ್ಕನ್ನು ಅಂದಗೇಡು ಎಂದು ಬಿಡುವಂತಿಲ್ಲ, ಅದು ಬೆನ್ನುಮೂಳೆಯ ಕಾಯಿಲೆ.

ಮೊದಲು ಬಡಿದು ನೋಡಿ, ಬರೆದಿಡಿ

ಕಾರನ್ನು ತೊಳೆದು ಒಣಗಿಸಿ. ಫ್ರಿಜ್ ಬಾಗಿಲಿಗೆ ಅಂಟಿಸುವ ಸಾಧಾರಣ ಆಯಸ್ಕಾಂತವೊಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೈಮೇಲೆಲ್ಲ ಆಡಿಸಿ. ಹಿಡಿದಲ್ಲಿ ತಗಡು, ಜಾರಿದಲ್ಲಿ ಪುಟ್ಟಿ, ಅಂದರೆ ತಗ್ಗು ತುಂಬಿ ನುಣ್ಣಗೆ ಮಾಡಲು ಮೆತ್ತುವ ಲೇಪ. ಸ್ಪೀಕರಿನಿಂದ ಬಿಚ್ಚಿದ ದೊಡ್ಡ ಆಯಸ್ಕಾಂತ ಬೇಡ. ಅದರ ಬಲಕ್ಕೆ ಪುಟ್ಟಿಯ ಕೆಳಗಿನ ತಗಡೂ ಎಳೆಯುತ್ತದೆ, ನೀವು ಮೋಸಹೋಗುತ್ತೀರಿ. ನಮ್ಮ ಮಗಳು ನೋಟ್‌ಬುಕ್ಕಿನಲ್ಲಿ ಕಾರಿನ ನಾಲ್ಕು ಮಗ್ಗುಲನ್ನೂ ಬರೆದು, ಜಾರಿದ ಜಾಗಕ್ಕೆಲ್ಲ ಕೆಂಪು ಗೀಟು ಹಾಕಿದಳು. ಮುಂದಿನ ಒಂದು ವರ್ಷ ಆ ನಾಲ್ಕು ಪುಟಗಳೇ ನಮಗೆ ದಾರಿ ತೋರಿಸಿದವು.

ಎರಡನೆಯದು ಕಿವಿ. ಬೆರಳ ಗೆಣ್ಣಿನಿಂದ ಬಡಿದರೆ ಗಟ್ಟಿ ತಗಡು ಖಣ್ ಎನ್ನುತ್ತದೆ, ಪುಟ್ಟಿ ಬೊದ್ ಎನ್ನುತ್ತದೆ, ಒಳಗೆ ತುಕ್ಕು ಉದುರಿದ್ದರೆ ಚರಪರ ಸದ್ದು ಕೇಳುತ್ತದೆ. ಈ ಕೆಲಸ ಅಮ್ಮನದಾಯಿತು. ಐವತ್ತು ವರ್ಷ ತೆಂಗಿನಕಾಯಿ ಬಡಿದು ಬಲಿತದ್ದು, ಬಲಿಯದ್ದು ಹೇಳಿದ ಕಿವಿ ಅದು. ಬಲಗಡೆ ಹಿಂಚಕ್ರದ ಮೇಲಿನ ಕಮಾನು ಬಡಿದು, "ಇದ್ರ್ ಒಳ್ಗ್ ಎಂತದೂ ಇಲ್ಲ ಮಗಾ, ಬರೀ ಮಣ್ಣ್" ಎಂದರು. ಕೆರೆದು ನೋಡಿದರೆ 11 ಮಿಲಿಮೀಟರ್ ದಪ್ಪದ ಪುಟ್ಟಿ, ಅದರ ಹಿಂದೆ ತುರುಕಿದ್ದ ಹಳೆ ಪೇಪರ್. ತಗಡು ಅಲ್ಲಿ ಇರಲೇ ಇಲ್ಲ.

ಕಾರಿನಡಿ ಹೋಗುವಾಗ ಬರೀ ಜಾಕ್ ನಂಬಬೇಡಿ. ಸ್ಟ್ಯಾಂಡ್ ಕೊಟ್ಟು, ನೆಲದಲ್ಲೇ ಉಳಿಯುವ ಚಕ್ರಕ್ಕೆ ಅಡ್ಡ ಕೊಟ್ಟ ಮೇಲೆಯೇ ಒಳಗೆ ಹೋಗಿ. ಮೊಂಡು ಸ್ಕ್ರೂಡ್ರೈವರಿನಿಂದ ಫ್ಲೋರ್ ಮತ್ತು ರನ್ನಿಂಗ್ ಬೋರ್ಡಿನ ಅಂಚನ್ನು ಒತ್ತುತ್ತ ಬನ್ನಿ. ಒಳ್ಳೆಯ ತಗಡು ಕೈಗೆ ಎದುರು ಕೊಡುತ್ತದೆ. ಒಳಗಿಳಿದರೆ ಆ ಜಾಗಕ್ಕೂ ಕೆಂಪು ಗೀಟು.

ಗುಳ್ಳೆಯನ್ನು ಓದುವುದು

ಎಲ್ಲ ಗುಳ್ಳೆಯೂ ಒಂದೇ ಅಲ್ಲ. ಸೂಜಿಯಲ್ಲಿ ಚುಚ್ಚಿ ನೋಡಿದರೆ ಅದೇ ಅರ್ಧ ಕಥೆ ಹೇಳುತ್ತದೆ.

ಗುಳ್ಳೆ ಒಡೆದಾಗ ಕಂದು ಪುಡಿ ಉದುರಿ, ಕೆಳಗೆ ತೂತು ಅಥವಾ ಎಲೆಯಂತೆ ಪದರ ಬಿಟ್ಟ ತಗಡು ಕಂಡರೆ, ತುಕ್ಕು ಒಳಗಿನಿಂದ ಹೊರಗೆ ಬಂದಿದೆ. ಬಾಗಿಲಿನ ಕೆಳಗಿನ ಅಂಚು, ಮಡ್‌ಗಾರ್ಡಿನ ತುದಿ, ಡಿಕ್ಕಿಯ ಮೂಲೆಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಹಿಡಿಯುವುದರಿಂದ ಬಣ್ಣವನ್ನು ಮೇಲಕ್ಕೆ ನೂಕುತ್ತದೆ. ಹೊರಗೆ ಎಂಟಾಣೆಯಷ್ಟು ಕಂಡರೆ ಒಳಗೆ ಅಂಗೈಯಗಲ ಹೋಗಿರುತ್ತದೆ. ಹೊರಗಿನಿಂದ ಕೆರೆದು ಬಣ್ಣ ಹಚ್ಚಿದರೆ ಒಂದು ಮಳೆಗಾಲ ತಡೆಯುತ್ತದೆ, ಅಷ್ಟೇ. ಇಲ್ಲಿ ಕತ್ತರಿಸಿ ಹೊಸ ತಗಡು ಹಾಕದೆ ಬೇರೆ ಮದ್ದಿಲ್ಲ.

ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಬಾಗಿಲ ಮಧ್ಯೆಯೋ ಬಾನೆಟ್ ಮೇಲೋ ಗುಂಪಾಗಿ ಎದ್ದು, ಚುಚ್ಚಿದಾಗ ತಿಳಿನೀರು ಬಂದರೆ, ತಗಡು ಹೆಚ್ಚಾಗಿ ಗಟ್ಟಿಯೇ ಇರುತ್ತದೆ. ಬಣ್ಣ ಹೊಡೆಯುವ ಮೊದಲೇ ಕೆಳಗೆ ತೇವವೋ ಕೈಬೆವರಿನ ಉಪ್ಪೋ ಉಳಿದಿತ್ತು ಎಂದರ್ಥ. ಪುಟ್ಟಿಯ ಭಾಗ ಓದುವಾಗ ಇದರ ಮೂಲ ತಿಳಿಯುತ್ತದೆ.

ಕಲ್ಲು ತಾಗಿ ಬಣ್ಣ ಹಾರಿದ ಚುಕ್ಕಿಯಿಂದ ಹುಳು ಹರಿದಂತೆ ತೆಳ್ಳಗೆ ಗೆರೆ ಹೊರಟಿದ್ದರೆ ಸಂತೋಷಪಡಿ. ಅದು ಹೊರಗಿನಿಂದ ಬಂದ ಮೇಲ್ಮೈ ತುಕ್ಕು. ತಗಡು ಹೊಳೆಯುವವರೆಗೆ ಕೆರೆದು ಪ್ರೈಮರ್ ಕೊಟ್ಟರೆ ಮುಗಿಯಿತು. ತಗಡಿನ ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚಬಹುದು. ಟ್ಯಾನಿನ್ ಇರುವ ಬಗೆಯದಾದರೆ ಅದು ತುಕ್ಕನ್ನು ಕಪ್ಪು ಪದರವಾಗಿಸಿ ಕಟ್ಟಿಹಾಕುತ್ತದೆ. ಅಳಲೆಕಾಯಿಯನ್ನೂ ಕಬ್ಬಿಣವನ್ನೂ ಕೂಡಿಸಿ ಹಿಂದಿನವರು ಶಾಯಿ ಮಾಡುತ್ತಿದ್ದ ರಸವಿದ್ಯೆಯೇ ಇದು. ಆದರೆ ಪದರ ಬಿಟ್ಟು ಉದುರುವ ತುಕ್ಕಿನ ಮೇಲೆ ಕನ್ವರ್ಟರ್ ಹಚ್ಚಿ ಏನೂ ಪ್ರಯೋಜನವಿಲ್ಲ. ಅದು ಹಿಡಿದುಕೊಳ್ಳಲು ಕೆಳಗೆ ಗಟ್ಟಿ ಕಬ್ಬಿಣ ಬೇಕು.

ಬಾನೆಟ್ ಒಳಗೆ ಬ್ರೇಕಿನ ಮಾಸ್ಟರ್ ಸಿಲಿಂಡರ್ ಕೆಳಗೆ ಬಣ್ಣ ಮೆತ್ತಗಾಗಿ ಉಗುರಿಗೆ ಬಂದರೆ ಅಲ್ಲಿ ಬ್ರೇಕ್ ಆಯಿಲ್ ಸೋರುತ್ತಿದೆ. ಮೊದಲು ಬ್ರೇಕ್ ಸರಿಮಾಡಿಸಿ, ಬಣ್ಣದ ಮಾತು ಆಮೇಲೆ. ಬ್ಯಾಟರಿಯ ತಟ್ಟೆಯಲ್ಲಿ ತುಕ್ಕಿನ ಜೊತೆ ಬಿಳಿಪುಡಿ ಇದ್ದರೆ ಆ್ಯಸಿಡ್. ಬ್ಯಾಟರಿ ತೆಗೆದು ಅಡುಗೆ ಸೋಡಾ ಕಲಸಿದ ನೀರು ಸುರಿಯಿರಿ, ನೊರೆ ಬರುವುದು ನಿಂತ ಮೇಲೆ ತೊಳೆದು ಒಣಗಿಸಿ.

ನೀರು ಎಲ್ಲಿಂದ?

ನಮ್ಮ ಕಾರಿನ ಎಡ ಮುಂಭಾಗದ ಫ್ಲೋರ್ ಯಾವಾಗಲೂ ಒದ್ದೆ. ಎಲ್ಲರೂ ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಸೋರುತ್ತಿದೆ ಎಂದರು. ಹಿಂದಿನ ಸಲ ಹೊಸ ಬೀಡಿಂಗ್ ಹಾಕಿಸಿಯೂ ಆಗಿತ್ತು.

ಪರೀಕ್ಷೆ ಹೀಗೆ ಮಾಡಿ. ಮ್ಯಾಟ್, ಕಾರ್ಪೆಟ್, ಬಾಗಿಲ ಒಳಗಿನ ಹಲಗೆ ಎಲ್ಲ ತೆಗೆಯಿರಿ. ಫ್ಲೋರಿಗೆ ದಿನಪತ್ರಿಕೆ ಹಾಸಿ. ಬೀಡಿಂಗಿನ ಒಳಸುತ್ತಿಗೆ, ಪಿಲ್ಲರಿನ ಬುಡಕ್ಕೆ ಮುಖದ ಪೌಡರ್ ಉದುರಿಸಿ. ನೀರು ಹರಿದಲ್ಲಿ ಪೌಡರಿನಲ್ಲಿ ಗೆರೆ ಬೀಳುತ್ತದೆ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಜೋರಾಗಿ ಚಿಮ್ಮಿಸಬೇಡಿ, ಮಳೆ ಸುರಿದಂತೆ ಸುರಿಸಿ. ಎಲ್ಲಕ್ಕಿಂತ ಮುಖ್ಯವಾದ ನಿಯಮ: ಕೆಳಗಿನಿಂದ ಮೇಲಕ್ಕೆ ಹೋಗಿ. ಮೊದಲು ಚಕ್ರದ ಕಮಾನು ಐದು ನಿಮಿಷ, ಆಮೇಲೆ ಬಾಗಿಲ ಕೆಳಭಾಗ, ಆಮೇಲೆ ಬಾಗಿಲ ಗಾಜು, ಕೊನೆಗೆ ಮುಂದಿನ ಗಾಜು ಮತ್ತು ಛಾವಣಿ. ಮೇಲಿನಿಂದ ಸುರಿದರೆ ನೀರು ಎಲ್ಲ ಕಡೆಗೂ ಹರಿದು ಯಾವ ತೂತಿನಿಂದ ಬಂತು ಎಂದು ತಿಳಿಯುವುದೇ ಇಲ್ಲ.

ಒಳಗೆ ಕೂತಿದ್ದ ಮಗಳು ಕೂಗಿದ್ದು ಬಾಗಿಲ ಗಾಜಿಗೆ ನೀರು ಬಿಟ್ಟಾಗ. ಬಾಗಿಲ ಗಾಜಿನ ಮೇಲೆ ಬಿದ್ದ ನೀರಿನಲ್ಲಿ ಸ್ವಲ್ಪ ಬಾಗಿಲ ಹೊಟ್ಟೆಯೊಳಗೆ ಇಳಿಯುವುದು ಸಹಜ. ಅದು ಹೊರಗೆ ಹೋಗಲೆಂದೇ ಬಾಗಿಲ ತಳದಲ್ಲಿ ತೂತುಗಳಿರುತ್ತವೆ. ನಮ್ಮ ಬಾಗಿಲಿನ ತೂತುಗಳನ್ನು ಹಿಂದಿನ ಪೇಂಟಿಂಗಿನಲ್ಲಿ ಪುಟ್ಟಿ ಹಾಕಿ ನುಣ್ಣಗೆ ಮುಚ್ಚಿಬಿಟ್ಟಿದ್ದರು. ನೀರು ಬಾಗಿಲೊಳಗೆ ನಿಂತು ತಳವನ್ನು ಕೊರೆದು, ಅಲ್ಲಿಂದ ಉಕ್ಕಿ ಒಳಗೆ ಹರಿದು, ರನ್ನಿಂಗ್ ಬೋರ್ಡಿನ ಪೆಟ್ಟಿಗೆ ಸೇರುತ್ತಿತ್ತು. ಎರಡು ಸಲದ ಬಣ್ಣ, ಒಂದು ಹೊಸ ಬೀಡಿಂಗ್, ಕೊನೆಗೆ ಕೊಳೆತ ಬೆನ್ನುಮೂಳೆ, ಎಲ್ಲಕ್ಕೂ ಮೂಲ ಪೆನ್ಸಿಲ್ ದಪ್ಪದ ಮೂರು ತೂತುಗಳು ಮುಚ್ಚಿದ್ದು. ನನಗೆ ಆ ದಿನ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಾಯಿತು. ಕಾರಣ ಸಿಕ್ಕ ಕಾಯಿಲೆಗೆ ಮದ್ದಿದೆ.

ಇನ್ನೊಂದು ದಾರಿ ಹೆಡ್‌ಲೈಟ್ ಬಟ್ಟಲಿನ ಹಿಂಭಾಗ. ಚಕ್ರ ಎರಚಿದ ಕೆಂಪುಮಣ್ಣು ಅಲ್ಲಿ ಕೂತು ಗಟ್ಟಿಯಾಗುತ್ತದೆ. ಮಳೆ ನಿಂತು ದೀಪಾವಳಿ ಕಳೆದರೂ ಆ ಮಣ್ಣಿನ ತೇವ ಆರುವುದಿಲ್ಲ. ನಮ್ಮದರಿಂದ ಎರಡು ಬೋಗುಣಿ ಮಣ್ಣು ತೆಗೆದೆವು. ಡಿಕ್ಕಿ ಒದ್ದೆಯಾಗುವುದಾದರೆ ಬೀಡಿಂಗಿನ ಮೂಲೆ ಮತ್ತು ಹಿಂದಿನ ಲೈಟಿನ ರಬ್ಬರ್ ನೋಡಿ.

ಬಾಗಿಲು ಇಳಿದಿದೆ: ಕೀಲೋ, ಪಿಲ್ಲರೋ, ಬೆನ್ನೋ?

ತಪ್ಪು ರೋಗನಿರ್ಣಯ ಅತಿ ದುಬಾರಿಯಾಗುವುದು ಇಲ್ಲಿಯೇ. ಬಾಗಿಲು ಎತ್ತಿ ಹಾಕಬೇಕಾಗುತ್ತದೆ ಎಂದರೆ ಹೆಚ್ಚಿನವರು ಕೀಲು ಬಗ್ಗಿಸಿ ಸರಿಮಾಡಿಬಿಡುತ್ತಾರೆ.

ಬಾಗಿಲನ್ನು ಅರ್ಧ ತೆರೆದು ತುದಿಯನ್ನು ಹಿಡಿದು ಮೇಲೆ ಎತ್ತಿ, ಬಿಡಿ. ಇನ್ನೊಬ್ಬರು ಕೀಲಿನ ಮೇಲೆ ಬೆರಳಿಟ್ಟಿರಲಿ. ಟಕ್ ಎಂದು ಕೀಲಿನಲ್ಲೇ ಆಟ ಸಿಕ್ಕರೆ ಪಿನ್ ಸವೆದಿದೆ, ಅಗ್ಗದ ಕೆಲಸ. ಕೀಲಿನ ಜೊತೆ ಪಿಲ್ಲರೂ ಅಲುಗಾಡಿದರೆ, ಪಿಲ್ಲರಿನ ಬುಡದ ಬಣ್ಣ ನೆರಿಗೆ ಬಿದ್ದರೆ, ಅಲ್ಲಿನ ತಗಡು ಕೊಳೆತಿದೆ. ಕೀಲೂ ಗಟ್ಟಿ, ಪಿಲ್ಲರೂ ಗಟ್ಟಿ, ಆದರೂ ಬಾಗಿಲು ಸರಿಯಾಗಿ ಕೂರುವುದಿಲ್ಲ ಎಂದರೆ ಇಡೀ ಬಾಡಿ ನಡುವೆ ಕುಸಿದಿರಬಹುದು.

ಇದನ್ನು ಖಚಿತ ಮಾಡಿಕೊಳ್ಳಲು ಸಂದಿ ಅಳೆಯಿರಿ. ಕಾರು ಸಮತಟ್ಟಾದ ನೆಲದಲ್ಲಿ ನಾಲ್ಕು ಚಕ್ರದ ಮೇಲಿರಲಿ. ಬಾಗಿಲ ಹಿಂದಿನ ಅಂಚಿನ ಸಂದಿ ಮೇಲೆ ಎಷ್ಟು, ಕೆಳಗೆ ಎಷ್ಟು? ನಮ್ಮದು ಮೇಲೆ 3 ಮಿಲಿಮೀಟರ್, ಕೆಳಗೆ 7. ಎರಡು ತುದಿ ಚಕ್ರದ ಮೇಲೆ ನಿಂತು ನಡು ಕುಸಿದಾಗ ಮೇಲಿನ ಸಂದಿ ಮುಚ್ಚಿಕೊಂಡು ಕೆಳಗಿನದು ಬಾಯಿಬಿಡುತ್ತದೆ. ಆಮೇಲೆ ರನ್ನಿಂಗ್ ಬೋರ್ಡಿನ ನಡುವೆ ಅಡ್ಡಲಾಗಿ ದಪ್ಪ ಮರದ ಹಲಗೆ ಕೊಟ್ಟು ಜಾಕಿನಿಂದ ನಿಧಾನವಾಗಿ ಭಾರ ತೆಗೆದುಕೊಳ್ಳಿ, ಸಂದಿಯನ್ನು ಮತ್ತೆ ಅಳೆಯಿರಿ. ಗಟ್ಟಿ ಬಾಡಿಯಲ್ಲಿ ಸಂದಿ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ನಮ್ಮದು 5 ಮತ್ತು 5 ಆಯಿತು. ಅಪ್ಪಯ್ಯ ಮತ್ತೆ ಮತ್ತೆ ಅಳೆದು ನೋಡಿ ಸುಮ್ಮನೆ ಕುಳಿತರು. ಜಾಕ್ ಏರಿದಂತೆ ರನ್ನಿಂಗ್ ಬೋರ್ಡೇ ಒಳಗೆ ಮುದುಡಿದರೆ ಅಳತೆಯೇ ಬೇಡ, ಕೂಡಲೇ ಇಳಿಸಿಬಿಡಿ.

ಬಾಗಿಲು ಬಿಚ್ಚಿದ ಮೇಲೆ ಬಾಗಿಲ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಅಡ್ಡ ಅಳತೆ ತೆಗೆದು ಎಡ, ಬಲ ಹೋಲಿಸಿ. ಗಟ್ಟಿಯಿರುವ ಮಗ್ಗುಲೇ ನಿಮ್ಮ ನಕ್ಷೆ. ನಮ್ಮಲ್ಲಿ 9 ಮಿಲಿಮೀಟರ್ ವ್ಯತ್ಯಾಸ ಇತ್ತು.

ಕತ್ತರಿಸುವ ಮೊದಲು, ಬೆಸೆಯುವಾಗ

ಕೊಳೆತ ರನ್ನಿಂಗ್ ಬೋರ್ಡನ್ನು ಗ್ರೈಂಡರಿನಿಂದ ಒಂದೇ ಸಲ ಕತ್ತರಿಸಿ ತೆಗೆದರೆ, ಇಷ್ಟು ದಿನ ಹೇಗೋ ನಿಂತಿದ್ದ ಬಾಡಿ ಆ ಕ್ಷಣವೇ ಕುಸಿಯುತ್ತದೆ, ಹೊಸ ತಗಡು ಕುಸಿದ ಅಳತೆಗೇ ಬೆಸೆದುಕೊಳ್ಳುತ್ತದೆ. ಆಮೇಲೆ ಯಾವ ಬಾಗಿಲೂ ಎಂದೂ ಕೂರುವುದಿಲ್ಲ. ಹಾಗಾಗಿ ಮೊದಲು ಜಾಕಿನಿಂದ ಸಂದಿಯನ್ನು ಸರಿಗೆ ತಂದು, ಬಾಗಿಲ ಚೌಕಟ್ಟಿಗೆ ಅಡ್ಡವಾಗಿ 25 ಮಿಲಿಮೀಟರಿನ ಚೌಕ ಪೈಪ್ ಬೆಸೆದು ಬಿಗಿಮಾಡಿ. ಎಡ ಪಿಲ್ಲರಿನಿಂದ ಬಲ ಪಿಲ್ಲರಿಗೂ ಒಂದು. ಆಮೇಲೆ ಒಂದು ಮಗ್ಗುಲು ಮಾತ್ರ ಕತ್ತರಿಸಿ. ಅದು ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿ. ಹೊಸ ತಗಡನ್ನು ಚುಕ್ಕಿ ಚುಕ್ಕಿಯಾಗಿ ಹಿಡಿಸಿ, ಬಾಗಿಲು ಜೋಡಿಸಿ ಮುಚ್ಚಿ ನೋಡಿ. ಸರಿಬಂದ ಮೇಲೆಯೇ ಪೂರ್ತಿ ಬೆಸುಗೆ.

ಬೆಸುಗೆಯನ್ನು ನಾವು ಮಾಡಲಿಲ್ಲ. ಊರಿನ ವೆಲ್ಡರ್ ಸಿಒ2 ಅನಿಲ ಬಳಸುವ ವೆಲ್ಡಿಂಗ್ ಸೆಟ್ ತಂದು ನಾಲ್ಕು ಭಾನುವಾರ ಬಂದರು. ಕಾಗದದ ಅಚ್ಚು ಮಾಡಿ ತಗಡು ಕತ್ತರಿಸಿ, ಬಗ್ಗಿಸಿ, ಅಂಚು ಉಜ್ಜಿ ಸಿದ್ಧವಿಡುವುದು ನಮ್ಮ ಕೆಲಸ. ಇದರಿಂದ ಕೂಲಿಯೂ ಉಳಿಯಿತು. ಹೊರಮೈಗೆ 20 ಗೇಜ್, ಫ್ಲೋರ್ ಮತ್ತು ರನ್ನಿಂಗ್ ಬೋರ್ಡಿಗೆ 18 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ತಂದೆವು; ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ. ಮನೆಯಲ್ಲಿ ಮಾಡಿಗೆ ಹಾಕಿ ಉಳಿದ, ಸತು ಲೇಪಿಸಿದ ಜಿಐ ಶೀಟ್ ಇದೆಯೆಂದು ಅದನ್ನು ಬೆಸೆಯಲು ಕೊಡಬೇಡಿ. ಸತುವಿನ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಹಿಡಿಯುತ್ತದೆ, ಬೆಸುಗೆಯೂ ಗಟ್ಟಿಯಾಗುವುದಿಲ್ಲ.

ಬೆಸೆದ ಮೇಲೆ ತಗಡು ಒತ್ತಿದರೆ ಡಬ್ಬದ ಮುಚ್ಚಳದಂತೆ ಡಬ್ ಡಬ್ ಎಂದು ಒಳಹೊರಗೆ ಹೋಗುತ್ತದೆಯೇ? ಬಿಸಿ ಹೆಚ್ಚಾಗಿ ತಗಡು ಸೊಟ್ಟಗಾಗಿದೆ. ಉದ್ದಕ್ಕೆ ಒಂದೇ ಸಲ ಬೆಸೆದದ್ದು, ಇಲ್ಲವೇ ತೆಳು ಹೊರಮೈಗೆ ಗ್ಯಾಸ್ ವೆಲ್ಡಿಂಗ್ ಮಾಡಿದ್ದು ಸಾಮಾನ್ಯ ಕಾರಣ. ಒಂದು ಸೆಂಟಿಮೀಟರ್ ಬೆಸೆದು, ದೂರದ ಇನ್ನೊಂದು ಕಡೆಗೆ ಹಾರಿ, ಮೊದಲಿನದು ಕೈಗೆ ತಣ್ಣಗಾದ ಮೇಲೆ ಮರಳಬೇಕು. ಈಗಾಗಲೇ ಹೀಗಾಗಿದ್ದರೆ ಅನುಭವಿ ಟಿಂಕರ್ ಚುಕ್ಕಿಯಷ್ಟು ಜಾಗ ಕೆಂಪಗೆ ಕಾಯಿಸಿ, ಹಿಂದೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು ಸುತ್ತಿಗೆಯಿಂದ ತಟ್ಟಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸುತ್ತಾರೆ. ಅದನ್ನು ಪುಟ್ಟಿಯಿಂದ ಮುಚ್ಚಿದರೆ ಬಾಗಿಲು ನಾಲ್ಕು ಸಲ ಬಡಿಯುವಷ್ಟರಲ್ಲಿ ಪುಟ್ಟಿ ಬಿರಿಯುತ್ತದೆ.

ಬೆಸುಗೆ ಶುರುಮಾಡುವ ಮೊದಲು ಬ್ಯಾಟರಿಯ ಎರಡೂ ತುದಿ ಬಿಚ್ಚಿ. ಪೆಟ್ರೋಲ್ ಟ್ಯಾಂಕ್ ಕಳಚಿ ಅಂಗಳದ ಆಚೆಗಿಡಿ; ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಸೀಟು, ಮ್ಯಾಟ್ ಒಳಗಿರಬಾರದು. ಎರಡು ಬಕೆಟ್ ನೀರು ಕೈಗೆಟುಕುವಂತಿರಲಿ. ಕೆಲಸ ನಿಲ್ಲಿಸಿ ಒಂದು ಗಂಟೆಯಾದ ಮೇಲೆ ಯಾರಾದರೊಬ್ಬರು ಮತ್ತೆ ಹೋಗಿ ಮೂಸಿ ನೋಡಬೇಕು. ನಮ್ಮಲ್ಲಿ ಅದು ನನ್ನ ಹೆಂಡತಿಯ ಪಾಲಿನ ಕೆಲಸ, ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಪುಟ್ಟಿಯ ದೋಷಗಳು

ಪಾಲಿಯೆಸ್ಟರ್ ಪುಟ್ಟಿ ನೀರು ಕುಡಿಯುತ್ತದೆ. ನಮ್ಮ ಕಡೆ ವಾಟರ್ ಪೇಪರ್ ಹಿಡಿದು ನೀರು ಸುರಿಯುತ್ತ ಪುಟ್ಟಿ ಉಜ್ಜುವುದು ರೂಢಿ. ಆ ನೀರು ಒಳಗೆ ಉಳಿದು, ಮೇಲೆ ಬಣ್ಣ ಬಿದ್ದು, ಬಿಸಿಲಿಗೆ ಆವಿಯಾದಾಗ ಏಳುವುದೇ ಆ ಸಾಸಿವೆ ಗುಳ್ಳೆ. ಪುಟ್ಟಿಯನ್ನು ಒಣಗೇ ಉಜ್ಜಿ, 80 ನಂಬರಿನ ಉಜ್ಜುಕಾಗದದಿಂದ ಶುರುಮಾಡಿ 180, 320ಕ್ಕೆ ಬನ್ನಿ. ನೀರು ಹಾಕುವುದು ಪುಟ್ಟಿಯ ಮೇಲೆ ಹೊಡೆಯುವ ಪದರ, ಪ್ರೈಮರ್ ಸರ್ಫೇಸರ್, ಬಿದ್ದ ಮೇಲೆ. ಮಾಸ್ಕ್ ಕಡ್ಡಾಯ. ಹಳೆ ಬಣ್ಣ ತೆಗೆಯುವಾಗ ಮಾತ್ರ ಇದಕ್ಕೆ ತಿರುಗಾಮುರುಗಾ: ಅದರಲ್ಲಿ ಸೀಸ ಇರಬಹುದಾದ್ದರಿಂದ ಒಣಧೂಳು ಏಳಿಸದೆ ಒದ್ದೆ ಮಾಡಿಯೇ ಉಜ್ಜಿ, ಮಕ್ಕಳನ್ನು ದೂರವಿಡಿ, ಆ ಬಟ್ಟೆ ಬೇರೆಯೇ ಒಗೆಯಿರಿ.

ಪುಟ್ಟಿ ಉಜ್ಜಿದಾಗ ಸೂಜಿಮೊನೆಯಂಥ ತೂತುಗಳು ಕಂಡರೆ, ಕಲಸುವಾಗ ಗಾಳಿ ಸೇರಿದೆ. ದೋಸೆ ಹಿಟ್ಟಿನಂತೆ ತಿರುವದೆ ಹಲಗೆಯ ಮೇಲೆ ಒತ್ತಿ ಒತ್ತಿ ಕಲಸಿ. ಪುಟ್ಟಿಯನ್ನು ಗಟ್ಟಿಮಾಡುವ ಹಾರ್ಡನರ್ ಸಾಮಾನ್ಯವಾಗಿ 100 ಗ್ರಾಂ ಪುಟ್ಟಿಗೆ 2 ಗ್ರಾಂ; ಡಬ್ಬದ ಮೇಲಿನ ಅಳತೆಯೇ ಅಂತಿಮ. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಮುಂದೆ ಹೊಡೆಯುವ ಬಿಳಿ ಬಣ್ಣದ ಮೇಲೆ ಕಲೆಯಾಗಿ ಎದ್ದು ಬರುತ್ತದೆ. ದಪ್ಪ 3 ಮಿಲಿಮೀಟರ್ ದಾಟಿತೆಂದರೆ ಪುಟ್ಟಿ ಬದಿಗಿಟ್ಟು ಸುತ್ತಿಗೆ, ಡಾಲಿ ಹಿಡಿಯಿರಿ.

ಕೆರೆದು ಬೆಳ್ಳಗಾದ ತಗಡು ನಮ್ಮ ಕರಾವಳಿ ಗಾಳಿಯಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಕಂದಾಗುತ್ತದೆ. ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡಿದ್ದನ್ನು ಕಣ್ಣಾರೆ ಕಂಡೆವು. ಅಂದು ಕೆರೆದದ್ದಕ್ಕೆ ಅಂದೇ ಎಪಾಕ್ಸಿ ಪ್ರೈಮರ್. ಅಂಗಡಿಯ ರೆಡ್ ಆಕ್ಸೈಡ್ ಬರೀ ಮೊದಲ ಕೈ. ಅದನ್ನು ಹಾಗೆಯೇ ಮಳೆಗಾಲ ದಾಟಿಸಿದರೆ ತೇವ ಒಳಗಿಳಿಯುತ್ತದೆ.

ಬಣ್ಣ ಹೊಡೆದ ಮೇಲಿನ ದೋಷಗಳು

ಯಾವ ಬಣ್ಣದ ಮೇಲೆ ಹೊಡೆಯುತ್ತಿದ್ದೀರಿ ಎಂದು ಮೊದಲು ತಿಳಿಯಿರಿ. ಡಿಕ್ಕಿಯ ಒಳಮೂಲೆಯಲ್ಲಿ ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿ. ಬಣ್ಣ ಬಟ್ಟೆಗೆ ಬಂದರೆ ಅದು ಹಳೆಯ ನೈಟ್ರೋಸೆಲ್ಯುಲೋಸ್ ಬಣ್ಣ, ಅಂದರೆ ಎನ್‌ಸಿ. ಅದರ ಮೇಲೆ ನೇರ ಪಿಯು (ಪಾಲಿಯುರೆಥೇನ್ ಬಣ್ಣ) ಹೊಡೆದರೆ ಪಿಯುವಿನ ಥಿನ್ನರ್ ಕೆಳಗಿನದನ್ನು ಕಲಕಿ, ಹಾಲಿನ ಕೆನೆಯಂತೆ ನೆರಿಗೆ ಏಳುತ್ತದೆ. ಪೂರ್ತಿ ತೆಗೆದು ಹೊಡೆಯುವುದೇ ಸರಿ. ಪಿಯು ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ತೀರಾ ಕೆಟ್ಟದ್ದು, ಅಂಗಡಿ ಮಾಸ್ಕ್ ಅದನ್ನು ತಡೆಯುವುದಿಲ್ಲ. ಅದನ್ನು ಮನೆಯಂಗಳದಲ್ಲಿ ಮಾಡಬೇಡಿ, ಪೇಂಟಿಂಗ್ ಬೂತ್ ಇರುವವರಿಗೆ ಕೊಡಿ. ನಾವು ಎನ್‌ಸಿಯನ್ನೇ ಆರಿಸಿಕೊಂಡೆವು. ಇದಕ್ಕೂ ಆವಿ ಸೋಸುವ ಕಾರ್ಟ್ರಿಜ್ ಮಾಸ್ಕ್ ಬೇಕು, ಹತ್ತಿರದಲ್ಲಿ ಒಲೆ, ಬೀಡಿ ಇರಬಾರದು.

ಎನ್‌ಸಿ ಒಣಗುವಾಗ ಹೊಳಪು ಸತ್ತು ಹಾಲು ಚೆಲ್ಲಿದಂತೆ ಬೆಳ್ಳಗಾದರೆ ಅದು ಗಾಳಿಯ ತೇವ. ಥಿನ್ನರ್ ಭರದಿಂದ ಆರುವಾಗ ಮೇಲ್ಮೈ ತಂಪಾಗಿ, ತಣ್ಣೀರಿನ ಲೋಟದ ಹೊರಗೆ ಹನಿಗಟ್ಟುವಂತೆ ಬಣ್ಣದ ಮೇಲೆ ನೀರು ಕೂರುತ್ತದೆ. ಆರುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಸೇರಿಸಿದ ಥಿನ್ನರನ್ನು ಮಂಜಿನಂತೆ ತೆಳ್ಳಗೆ ಹೊಡೆದರೆ ಹಲವು ಸಲ ಹೊಳಪು ಮರಳುತ್ತದೆ. ನಮ್ಮೂರಲ್ಲಿ ಡಿಸೆಂಬರಿನಿಂದ ಫೆಬ್ರವರಿಯೊಳಗೆ, ಮಂಜು ಹರಿದ ಮೇಲೆ ಹತ್ತು ಗಂಟೆಯಿಂದ ಮೂರರವರೆಗೆ ಹೊಡೆದದ್ದು ಮಾತ್ರ ಚೆನ್ನಾಗಿ ಕೂತಿತು.

ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂತೆ ಗುಂಡಗೆ ಗುಳಿಬಿದ್ದರೆ ಎಣ್ಣೆ ಅಥವಾ ಪಾಲಿಶಿನ ಸಿಲಿಕಾನ್. ಬಾನೆಟ್ ಮೇಲೆ ನಮಗೆ ಬಂದದ್ದರ ಮೂಲ ಹುಡುಕಿದಾಗ ಸಿಕ್ಕಿದ್ದು ತಲೆಗೆ ಹಚ್ಚಿದ ತೆಂಗಿನೆಣ್ಣೆ. ಕೂದಲು ಸವರಿದ ಕೈ ಹಾಗೆಯೇ ತಗಡಿನ ಮೇಲೆ. ಅಂದಿನಿಂದ ಪೇಂಟಿಂಗ್ ದಿನ ಮನೆಯವರೆಲ್ಲರ ತಲೆಗೆ ಬಟ್ಟೆ, ಕೈಗೆ ಗ್ಲೌಸ್. ಕಂಪ್ರೆಸರ್ ಟ್ಯಾಂಕಿನ ನೀರನ್ನು ಪ್ರತಿ ಸಲ ಬಿಟ್ಟು ಶುರುಮಾಡಿ. ಬಣ್ಣ ಇಳಿದು ಹರಿದರೆ ಗನ್ ತೀರಾ ಹತ್ತಿರ ಹಿಡಿದದ್ದು, ಕಿತ್ತಳೆ ಸಿಪ್ಪೆಯಂತಾದರೆ ಬಣ್ಣ ದಪ್ಪ ಅಥವಾ ಗಾಳಿ ಕಡಿಮೆ. ಎರಡನ್ನೂ ಒಣಗಿದ ಮೇಲೆ ಉಜ್ಜಿ ಸರಿಪಡಿಸಬಹುದು. ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲೂ ಬದಲಾಗಬೇಕು. ಅಪ್ಪಯ್ಯನಿಗೆ ಹಳೆ ಕೆನೆಬಣ್ಣವೇ ಬೇಕಿತ್ತು, ಆರ್‌ಟಿಒ ಕೆಲಸ ಉಳಿಯಿತು.

ಮುಗಿದ ಮೇಲಿನ ಪರೀಕ್ಷೆ

ಬಾಗಿಲ ಹೊಟ್ಟೆ, ರನ್ನಿಂಗ್ ಬೋರ್ಡಿನ ಪೆಟ್ಟಿಗೆಯೊಳಗೆ ಉದ್ದ ನಳಿಕೆಯಿಂದ ತುಕ್ಕು ತಡೆಯುವ ಮೇಣ (ಕ್ಯಾವಿಟಿ ವ್ಯಾಕ್ಸ್) ಹೊಡೆದು, ತಳದ ತೂತುಗಳನ್ನು ಮತ್ತೆ ತಂತಿಯಿಂದ ಬಿಡಿಸಿ. ಅಡಿಗೆ ಹಳೆ ಎಂಜಿನ್ ಆಯಿಲ್ ಬಳಿಯುವ ಪದ್ಧತಿ ಬೇಡ. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ಅಂಗಳದಿಂದ ಬಾವಿಗೂ ಇಳಿಯುತ್ತದೆ.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಕಾರ್ಪೆಟ್ ಹಾಕದೆ ಬರೀ ದಿನಪತ್ರಿಕೆ ಹಾಸಿ ಮೂರು ವಾರ ಕಾರನ್ನು ಚಪ್ಪರದ ಹೊರಗೇ ನಿಲ್ಲಿಸಿದೆವು. ದಿನವೂ ಬೆಳಿಗ್ಗೆ ಅಪ್ಪಯ್ಯ ಕೊಡೆ ಹಿಡಿದು ಹೋಗಿ ನಾಲ್ಕೂ ಬಾಗಿಲು ತೆರೆದು ಪೇಪರ್ ಮುಟ್ಟಿ ನೋಡುತ್ತಿದ್ದರು. ಎಡ ಮುಂಭಾಗ ಒಣಗಿತ್ತು, ಹಿಂದೆ ಒಣಗಿತ್ತು. ಡಿಕ್ಕಿಯ ಬಲಮೂಲೆಯಲ್ಲಿ ಮಾತ್ರ ರೂಪಾಯಿಯಗಲ ಒದ್ದೆ. ಮಗಳು ನೋಟ್‌ಬುಕ್ ತೆಗೆದು ಆ ಮೂಲೆಗೆ ಹೊಸ ಗೀಟು ಹಾಕಿ ತಾರೀಖು ಬರೆದಳು. ಬೀಡಿಂಗಿನ ಜೋಡಣೆ ಆ ಮೂಲೆಯಲ್ಲೇ ಇದೆ. ಮಳೆ ಎರಡು ದಿನ ಬಿಟ್ಟರೆ ಅದನ್ನು ಬಿಚ್ಚುತ್ತೇವೆ.